ಭಾರವನ್ನು ಕಳೆದವನು

ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ದಾವಣಗೆರೆ, ಹರಿಹರ, ಹಾವೇರಿಗಳ ಸೀಮೆಯ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಸ್ಪರ್ಧೆಗಳು ನಡೆಯುವುದುಂಟು. ಖಾಲಿ ಗಾಡಿಯ ಓಟವೆಂಬುದು ಅವುಗಳಲ್ಲಿ ಒಂದು ಬಗೆ. ಗಾಡಿಯ ಮೇಲೆ ಹೇರಿಲ್ಲ, ಹೊರೆಯಿಲ್ಲ. ನೊಗಕ್ಕೆ ಹೂಡಿದ ಜೋಡೆತ್ತು ಗೊತ್ತುಪಡಿಸಿದ ಹೊತ್ತಿನೊಳಗೆ ಎಷ್ಟು ದೂರ ಓಡಿತೆಂಬುದನ್ನು ಅಳೆದು ಬಹುಮಾನ ಕೊಡುತ್ತಾರೆ. ಎತ್ತಿನ ಬಲ ಎಷ್ಟೇ ಇರಲಿ, ಹಿಂದೆ ಎಳೆದುಕೊಂಡು ಬರುವ ಭಾರ ಕಡಮೆಯಾದಷ್ಟೂ ಓಟ ಬಿರುಸಾಗುವುದೆಂಬ ತತ್ತ್ವವನ್ನು ನಮ್ಮ ರೈತನಿಗೆ ಯಾವ ಪಾಠಶಾಲೆಯೂ ಕಲಿಸಿಕೊಟ್ಟುದಲ್ಲ, ಅನುಭವವೇ ಕಲಿಸಿದೆ.

ಕಡಲಾಚೆಯ ಅಮೆರಿಕೆಯಲ್ಲಿ ಇದೇ ಆಟವನ್ನು ಮೋಟಾರು ಗಾಡಿಗಳಿಂದ ಆಡುತ್ತಾರೆ. ಅದಕ್ಕೆ ಡ್ರ್ಯಾಗ್ ರೇಸ್ ಎಂದು ಹೆಸರು. ತಿರುವಿಲ್ಲದ ನೇರ ಹಾದಿ. ಕಾಲು ಮೈಲಿ, ಎಂದರೆ ೪೦೨ ಮೀಟರುಗಳ ದೂರ. ನಿಂತಲ್ಲಿಂದ ಹೊರಟು ಕೊನೆ ಮುಟ್ಟಲು ಹಿಡಿದ ಸೆಕೆಂಡುಗಳೆಷ್ಟು ಎಂಬುದೇ ಪ್ರಶ್ನೆ. ಇದರಲ್ಲಿ ಭಾರದ ಪಾತ್ರವೇನೆಂಬುದನ್ನು ವಿದ್ಯಾರ್ಥಿಗಳು ಕಾಗದದ ಮೇಲೆಯೇ ಲೆಕ್ಕ ಹಾಕಿ ನೋಡಬಹುದು. ಬಲ ಒಂದೇ ಆಗಿದ್ದರೆ, ವಸ್ತುವಿನ ರಾಶಿ ಕಡಮೆಯಾದಷ್ಟೂ ವೇಗೋತ್ಕರ್ಷ ಹೆಚ್ಚುವುದೆಂದು ನ್ಯೂಟನ್ನನ ಎರಡನೆಯ ನಿಯಮ ತಿಳಿಸುತ್ತದೆ. ಆದರೆ ಎಂಜಿನು ಕೊಡುವುದು ಒಂದೇ ಬಲವನ್ನಲ್ಲ, ಒಂದೇ ಸಾಮರ್ಥ್ಯವನ್ನು. ವೇಗ ಏರಿದಂತೆ ಎಳೆಯುವ ಬಲ ಇಳಿಯುತ್ತದೆ. ಈ ಕಾರಣದಿಂದ ಓಟದ ಹೊತ್ತು ಭಾರವನ್ನು ನೇರವಾಗಿ ಅನುಸರಿಸದೆ, ಸುಮಾರಾಗಿ ಅದರ ಘನಮೂಲವನ್ನು ಅನುಸರಿಸುತ್ತದೆ. ೧೦೦೦ ಕಿಲೋಗ್ರಾಂ ತೂಗುವ ಗಾಡಿಯೊಂದು ಕಾಲು ಮೈಲಿಯನ್ನು ೧೫ ಸೆಕೆಂಡುಗಳಲ್ಲಿ ಓಡುವುದೆಂದಿಟ್ಟುಕೊಳ್ಳೋಣ. ಎಂಜಿನನ್ನು ಮುಟ್ಟದೆ ೧೦೦ ಕಿಲೋಗ್ರಾಂ ಇಳಿಸಿದರೆ ಹೊತ್ತು ಸುಮಾರು ೧೪.೫ ಸೆಕೆಂಡಿಗೆ ಇಳಿಯುತ್ತದೆ. ಭಾರವನ್ನು ಅರ್ಧಕ್ಕೆ ಇಳಿಸಿದರೂ ಹೊತ್ತು ಅರ್ಧವಾಗದು. ೧೨ ಸೆಕೆಂಡಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಅರ್ಧ ಸೆಕೆಂಡು ಎಂದರೆ ಕೇಳುವವರಿಗೆ ಏನೂ ಅಲ್ಲವೆನಿಸಬಹುದು. ಆದರೆ ಗುರಿಯ ಬಳಿ ಅಂಥ ಗಾಡಿ ಸೆಕೆಂಡಿಗೆ ಸುಮಾರು ೪೦ ಮೀಟರು ಓಡುತ್ತಿರುತ್ತದೆ. ಆದ್ದರಿಂದ ಅರ್ಧ ಸೆಕೆಂಡಿನ ಲಾಭವೆಂದರೆ ೨೦ ಮೀಟರುಗಳ ಮುನ್ನಡೆ.

ನೇರ ಹಾದಿಯಲ್ಲಿಯೇ ಇಷ್ಟು ಲಾಭವಿದ್ದರೆ ತಿರುವುಗಳುಳ್ಳ ಹಾದಿಯಲ್ಲಿ ಇನ್ನೂ ಹೆಚ್ಚು. ಹೆಚ್ಚಿನ ಅಶ್ವಶಕ್ತಿಯಿಂದ ನೇರ ಹಾದಿಯಲ್ಲಿ ಮಾತ್ರ ಪ್ರಯೋಜನ. ಹಗುರತೆಯಾದರೋ ಹೊರಡುವಾಗಲೂ ಒದಗುತ್ತದೆ, ತಿರುಗುವಾಗಲೂ ಒದಗುತ್ತದೆ, ಬ್ರೇಕು ಹಾಕುವಾಗಲೂ ಒದಗುತ್ತದೆ. ಈ ಒಂದು ಮಾತನ್ನು ಬಾಳಿನ ಮಂತ್ರವಾಗಿ ಹಿಡಿದು, ಇಪ್ಪತ್ತನೆಯ ಶತಮಾನದ ಪಂದ್ಯದ ಗಾಡಿಯ ರೂಪವನ್ನೇ ಬದಲಿಸಿದವನು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. ಆತನು ಡ್ರ್ಯಾಗ್ ರೇಸಿನ ಆಟಗಾರನಲ್ಲ. ಆತನ ಕ್ಷೇತ್ರ ಸುತ್ತುಹಾದಿಯ ಪಂದ್ಯ. ಆದರೂ ಭಾರವನ್ನು ಕಳೆಯುವ ವಿದ್ಯೆಯ ಹಿರಿಮೆಯನ್ನೂ ಅದು ಕೇಳುವ ಬೆಲೆಯನ್ನೂ ಒಟ್ಟಿಗೆ ಕಾಣಬೇಕೆನ್ನುವವರಿಗೆ ಆತನ ಬಾಳಿಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಆಂಟನಿ ಕಾಲಿನ್ ಬ್ರೂಸ್ ಚಾಪ್‌ಮನ್ ೧೯೨೮ನೆಯ ಮೇ ೧೯ರಂದು ಲಂಡನ್ನಿನ ಅಂಚಿನ ರಿಚ್‌ಮಂಡಿನಲ್ಲಿ ಜನಿಸಿದನು. ತಂದೆ ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ ರೈಲ್ವೆ ಹೋಟೆಲೊಂದನ್ನು ನಡೆಸುತ್ತಿದ್ದನು. ಹುಡುಗ ಬೆಳೆದದ್ದು ಅಲ್ಲಿಯೇ. ೧೯೪೫ರಲ್ಲಿ, ಯುದ್ಧ ಮುಗಿದ ವರ್ಷ, ಆತನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಸೇರಿ ಎಂಜಿನಿಯರಿಂಗ್ ವ್ಯಾಸಂಗಕ್ಕೆ ತೊಡಗಿದನು. ಆತನು ಕಲಿತದ್ದು ಯಂತ್ರಗಳ ಶಾಸ್ತ್ರವನ್ನಲ್ಲ. ಸೇತುವೆ, ಕಟ್ಟಡ ಮೊದಲಾದ ರಚನೆಗಳ ಶಾಸ್ತ್ರವನ್ನು. ಯಾವ ತೊಲೆಯ ಮೇಲೆ ಎಷ್ಟು ಹೊರೆ ಬೀಳುತ್ತದೆ, ಅದನ್ನು ಹೊರಲು ಎಷ್ಟು ಉಕ್ಕು ಸಾಕು, ಎಲ್ಲಿ ಉಕ್ಕು ವ್ಯರ್ಥವಾಗುತ್ತದೆ ಎಂಬುದೇ ಆ ಶಾಸ್ತ್ರದ ತಿರುಳು. ಕಾಲೇಜಿನಲ್ಲಿರುವಾಗಲೇ ವಿಶ್ವವಿದ್ಯಾಲಯದ ವಿಮಾನದಳಕ್ಕೆ ಸೇರಿ ವಿಮಾನ ನಡೆಸಲು ಕಲಿತನು. ಗ್ರಾಂ ಗ್ರಾಮಿಗೂ ಲೆಕ್ಕ ಕೇಳುವ ವಾಹನ ವಿಮಾನ. ಹೀಗೆ ಸೇತುವೆಯ ಶಾಸ್ತ್ರವೂ ವಿಮಾನದ ಅನುಭವವೂ ಒಂದೇ ತಲೆಯಲ್ಲಿ ಸೇರಿದುವು. ಮುಂದಿನದೆಲ್ಲ ಈ ಸಂಗಮದ ಫಲವೆಂದರೆ ತಪ್ಪಾಗದು.

ವಿದ್ಯಾರ್ಥಿಯಾಗಿದ್ದಾಗ ಚಾಪ್‌ಮನ್ನನು ಗೆಳೆಯನೊಬ್ಬನೊಡನೆ ಹಳೆಯ ಕಾರುಗಳನ್ನು ಕೊಂಡು ಮಾರುವ ವ್ಯಾಪಾರ ಹೂಡಿದ್ದನು. ೧೯೪೭ರಲ್ಲಿ ಸರಕಾರ ಪೆಟ್ರೋಲಿನ ಮೂಲ ಪಡಿತರವನ್ನು ನಿಲ್ಲಿಸಿದೊಡನೆ ಆ ವ್ಯಾಪಾರ ಕುಸಿದುಬಿತ್ತು. ಯಾರೂ ಕೊಳ್ಳಲೊಲ್ಲದ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರು ಕೈಯಲ್ಲಿ ಉಳಿಯಿತು. ಅದನ್ನೇ ಬಿಚ್ಚಿ, ಹಳೆಯ ಒಡಲನ್ನು ತೆಗೆದು, ಪ್ಲೈವುಡ್ಡಿನ ಹಗುರವಾದ ಒಡಲನ್ನು ತೊಡಿಸಿ ೧೯೪೮ರಲ್ಲಿ ಆತನು ತನ್ನ ಮೊದಲ ಪಂದ್ಯದ ಗಾಡಿಯನ್ನು ಕಟ್ಟಿದನು. ಕಟ್ಟಿದ ಸ್ಥಳ ಕಾರ್ಖಾನೆಯಲ್ಲ. ಆತನು ಮೆಚ್ಚಿದ ತರುಣಿ ಹೇಜಲ್ ವಿಲಿಯಮ್ಸಳ ತಂದೆತಾಯಿಯರ ಮನೆಯ ಗ್ಯಾರೇಜು. ಆಮೇಲೆ ಕೆಲಕಾಲ ವಾಯುಸೇನೆಯಲ್ಲಿದ್ದು, ಅಲ್ಯೂಮಿನಿಯಂ ಕಂಪೆನಿಯೊಂದರಲ್ಲಿ ಉದ್ಯೋಗಕ್ಕೆ ಸೇರಿದನು. ಹಗಲು ಕಂಪೆನಿಯ ಕೆಲಸ, ರಾತ್ರಿ ಗಾಡಿ ಕಟ್ಟುವ ಕೆಲಸ. ೧೯೫೨ರ ಜನವರಿಯಲ್ಲಿ ಹೇಜಲ್ ಕೊಟ್ಟ ೨೫ ಪೌಂಡುಗಳ ಬಂಡವಾಳದಿಂದ ಲೋಟಸ್ ಎಂಬ ಸಂಸ್ಥೆ ಹುಟ್ಟಿತು. ತಂದೆಯ ಹೋಟೆಲಿನ ಹಿಂದಿದ್ದ ಹಳೆಯ ಕುದುರೆ ಲಾಯವೇ ಅದರ ಕಾರ್ಯಾಗಾರ. ೧೯೫೪ರಲ್ಲಿ ಅವರಿಬ್ಬರ ವಿವಾಹವಾಯಿತು.

ಅಂದಿನ ಪಂದ್ಯದ ಗಾಡಿಗಳ ಕ್ರಮ ಬೇರೆಯಾಗಿತ್ತು. ವೇಗ ಸಾಲದಾದರೆ ಎಂಜಿನನ್ನು ಹಿಗ್ಗಿಸುವರು. ಎಂಜಿನು ಹಿಗ್ಗಿದರೆ ಅದನ್ನು ಹೊರಲು ಚೌಕಟ್ಟನ್ನು ದಪ್ಪ ಮಾಡುವರು. ಚೌಕಟ್ಟು ದಪ್ಪವಾದರೆ ಅದನ್ನು ತಡೆಯಲು ಬ್ರೇಕು, ಹೊರಲು ಚಕ್ರ, ಓಡಿಸಲು ಪೆಟ್ರೋಲು, ಎಲ್ಲವೂ ಹೆಚ್ಚಾಗಬೇಕು. ಸಾಲ ತೀರಿಸಲು ಸಾಲ ಮಾಡುವವನ ಬಾಳಿನಂತಾಗಿತ್ತು ಆ ಗಾಡಿಗಳ ಸ್ಥಿತಿ. ಚಾಪ್‌ಮನ್ನನು ಈ ಸುತ್ತನ್ನು ಹಿಂದುಮುಂದಾಗಿ ತಿರುಗಿಸಿದನು. ಚೌಕಟ್ಟು ಹಗುರವಾದರೆ ಬ್ರೇಕು ಚಿಕ್ಕದಾಗಬಹುದು, ಚಕ್ರ ತೆಳುವಾಗಬಹುದು, ಪೆಟ್ರೋಲಿನ ತೊಟ್ಟಿ ಕಿರಿದಾಗಬಹುದು. ಒಂದು ಕಡೆ ಉಳಿಸಿದ ಭಾರ ಹತ್ತು ಕಡೆ ಭಾರವನ್ನು ಉಳಿಸುತ್ತದೆ. ಸಣ್ಣ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದು ಆತನು ಕಟ್ಟಿದ ಆರನೆಯ ಮಾದರಿಯ ಚೌಕಟ್ಟು ಕೇವಲ ೨೫ ಕಿಲೋಗ್ರಾಂ ತೂಗುತ್ತಿತ್ತು. ಎರಡು ಕೈಗಳಿಂದ ಒಬ್ಬನೇ ಎತ್ತಬಹುದಾದ ಮೋಟಾರು ಗಾಡಿಯ ಬೆನ್ನೆಲುಬು! ಆ ಗಾಡಿಯನ್ನು ಬಿಡಿಭಾಗಗಳಾಗಿ ಮಾರುತ್ತಿದ್ದರು. ಕೊಂಡವರು ಮನೆಯಲ್ಲಿಯೇ ಜೋಡಿಸಿಕೊಳ್ಳುತ್ತಿದ್ದರು. ೧೯೫೭ರಲ್ಲಿ ಅದರ ಮುಂದಿನ ರೂಪವಾದ ಲೋಟಸ್ ಸೆವೆನ್ ಹೊರಬಿದ್ದಿತು. ಬೇರೊಂದು ಸಂಸ್ಥೆಯ ಹೆಸರಿನಲ್ಲಿ ಅದರ ವಂಶ ಇಂದಿಗೂ ನಡೆದುಬಂದಿದೆ.

ಇಲ್ಲಿ ವಾಚಕರಿಗೆ ಒಂದು ಸಂದೇಹ ಬರುವುದು ಸಹಜ. ಭಾರವೆಲ್ಲ ವ್ಯರ್ಥವೇ ಆದರೆ ಯಂತ್ರಗಳನ್ನು ಅಷ್ಟು ತೂಕವಾಗಿ ಮಾಡುವುದೇಕೆ? ೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳನ್ನು ಬಲ್ಲವರು ಈ ಭಾಗದಲ್ಲಿ ಬಹುಮಂದಿ ಇದ್ದಾರೆ. ಆ ಕಾರ್ಖಾನೆ ಇಂದು ನಡೆಯುತ್ತಿಲ್ಲ. ಅದು ನೆಲೆಸಿದ್ದ ಬಡಾವಣೆಗೆ ಯಂತ್ರಪುರವೆಂಬ ಹೆಸರು ಮಾತ್ರ ಉಳಿದಿದೆ. ಅಲ್ಲಿ ತಯಾರಾದ ಲೇತಿನ ಹಾಸು ಬೀಡುಕಬ್ಬಿಣದ್ದು. ಅದರ ತೂಕ ದೋಷವಲ್ಲ, ಗುಣ. ಕಬ್ಬಿಣವನ್ನು ಕೊರೆಯುವಾಗ ಯಂತ್ರ ನಡುಗಿದರೆ ಕೆಲಸ ಕೆಡುತ್ತದೆ. ತೂಕವಾದ ಹಾಸು ಆ ನಡುಕವನ್ನು ನುಂಗಿಕೊಳ್ಳುತ್ತದೆ. ನಿಂತಲ್ಲೇ ನಿಲ್ಲಬೇಕಾದ ಯಂತ್ರಕ್ಕೆ ಬಿಗುವೂ ಬೇಕು, ಭಾರವೂ ಸಲ್ಲುತ್ತದೆ. ಓಡಬೇಕಾದ ಗಾಡಿಗೆ ಬಿಗುವು ಅಷ್ಟೇ ಬೇಕು. ಭಾರ ಮಾತ್ರ ಸಲ್ಲದು. ಭಾರವಿಲ್ಲದೆ ಬಿಗುವನ್ನು ತರುವುದು ಹೇಗೆ ಎಂಬುದೇ ಚಾಪ್‌ಮನ್ನನ ಮುಂದಿದ್ದ ಸಮಸ್ಯೆ.

ಉತ್ತರ ನಮ್ಮ ಬಿದಿರಿನಲ್ಲಿಯೇ ಇದೆ. ಬಿದಿರು ಒಳಗೆ ಟೊಳ್ಳು. ಬಾಗುವ ಒತ್ತಡವನ್ನು ತಡೆಯುವ ಪದಾರ್ಥವೆಲ್ಲ ಅದರ ಹೊರ ಸುತ್ತಿನಲ್ಲಿದೆ. ೧೯೬೨ರಲ್ಲಿ ಚಾಪ್‌ಮನ್ನನು ಲೋಟಸ್ ೨೫ ಎಂಬ ಗಾಡಿಯಲ್ಲಿ ಕೊಳವೆಗಳ ಚೌಕಟ್ಟನ್ನೇ ಕೈಬಿಟ್ಟು, ಅಲ್ಯೂಮಿನಿಯಂ ತಗಡಿನ ಟೊಳ್ಳು ಪೆಟ್ಟಿಗೆಗಳಿಂದ ಒಡಲನ್ನು ರಚಿಸಿದನು. ವಿಮಾನಗಳಲ್ಲಿ ಬಳಕೆಯಲ್ಲಿದ್ದ ಈ ಕ್ರಮದಲ್ಲಿ ಹೊದಿಕೆಯೇ ಎಲುಬು, ಎಲುಬೇ ಹೊದಿಕೆ. ಹೊಸ ಒಡಲು ಹಿಂದಿನದಕ್ಕಿಂತ ಹಗುರವೂ ಆಯಿತು, ಹಲವು ಮಡಿ ಬಿಗಿಯೂ ಆಯಿತು. ಚಾಲಕನು ಅದರಲ್ಲಿ ಕುಳಿತುಕೊಳ್ಳುವುದಕ್ಕಿಂತ ಒರಗಿ ಮಲಗುತ್ತಿದ್ದನೆಂದೇ ಹೇಳಬೇಕು. ಗಾಳಿಗೆ ಎದುರಾಗುವ ಮೈ ಅಷ್ಟು ಕಿರಿದಾಯಿತು.

ಆ ಗಾಡಿಯಲ್ಲಿ ಒರಗಿದವನು ಜಿಮ್ ಕ್ಲಾರ್ಕ್. ಸ್ಕಾಟ್ಲೆಂಡಿನ ಕುರಿ ಸಾಕುವ ರೈತ ಮನೆತನದ ತರುಣ; ಮಿತಭಾಷಿ; ಕೈ ಮಾತ್ರ ಅತಿ ನಯವಾದುದು. ಚಾಪ್‌ಮನ್ನನ ಬುದ್ಧಿಗೂ ಕ್ಲಾರ್ಕನ ಕೈಗೂ ಆದ ಮೈತ್ರಿ ಮೋಟಾರು ಪಂದ್ಯಗಳ ಇತಿಹಾಸದಲ್ಲಿ ಅಪೂರ್ವವಾದುದು. ೧೯೬೩ರಲ್ಲಿ ವಿಶ್ವ ಪ್ರಶಸ್ತಿಯ ಹತ್ತು ಪಂದ್ಯಗಳಲ್ಲಿ ಏಳನ್ನು ಕ್ಲಾರ್ಕನು ಗೆದ್ದನು. ೧೯೬೫ರಲ್ಲಿ ಮತ್ತೆ ವಿಶ್ವವಿಜೇತನಾದುದಲ್ಲದೆ, ಅಮೆರಿಕೆಯ ಇಂಡಿಯಾನಾಪೊಲಿಸಿನ ೫೦೦ ಮೈಲಿಗಳ ಮಹಾಪಂದ್ಯವನ್ನೂ ಲೋಟಸ್ ಗಾಡಿಯಲ್ಲಿ ಗೆದ್ದನು. ಭಾರಿ ಎಂಜಿನನ್ನು ಮುಂಭಾಗದಲ್ಲಿ ಹೊತ್ತ ಗಾಡಿಗಳ ಕಾಲ ಅಲ್ಲಿಗೆ ಮುಗಿಯಿತು. ೧೯೬೭ರಲ್ಲಿ ಬಂದ ಲೋಟಸ್ ೪೯ರಲ್ಲಿ ಚಾಪ್‌ಮನ್ನನು ಇನ್ನೊಂದು ಹೆಜ್ಜೆ ಮುಂದಿಟ್ಟನು. ಎಂಜಿನನ್ನು ಹೊರಲು ಚೌಕಟ್ಟೇಕೆ, ಎಂಜಿನೇ ಚೌಕಟ್ಟಾಗಲಿ ಎಂದು ಬಗೆದು, ಒಡಲನ್ನು ಚಾಲಕನ ಬೆನ್ನ ಹಿಂದೆಯೇ ಮುಗಿಸಿ, ಹಿಂದಿನ ಚಕ್ರಗಳ ಹೊರೆಯನ್ನೆಲ್ಲ ಎಂಜಿನಿಗೇ ಹೊರಿಸಿದನು. ಆ ಗಾಡಿ ಜೂನ್ ೪ರಂದು ಹಾಲೆಂಡಿನಲ್ಲಿ ಮೊದಲ ಪಂದ್ಯಕ್ಕಿಳಿದು ಮೊದಲ ಪಂದ್ಯದಲ್ಲಿಯೇ ಗೆದ್ದಿತು.

ಇಲ್ಲಿಗೆ ನಿಂತಿದ್ದರೆ ಇದೊಂದು ವಿಜಯಗಾಥೆಯಾಗುತ್ತಿತ್ತು. ಆದರೆ ಹಗುರತೆಯ ಲೆಕ್ಕದ ಪುಸ್ತಕಕ್ಕೆ ಇನ್ನೊಂದು ಪುಟವಿತ್ತು. ೧೯೬೦ರ ಬೆಲ್ಜಿಯಂ ಪಂದ್ಯದ ವೇಳೆಗೇ ಅದು ತೆರೆದಿತ್ತು. ಅಭ್ಯಾಸದ ಓಟದಲ್ಲಿ ಲೋಟಸ್ ಗಾಡಿಯ ಹಿಂದಿನ ಚಕ್ರ ಕಳಚಿ ಸ್ಟರ್ಲಿಂಗ್ ಮಾಸ್ ತೀವ್ರವಾಗಿ ಗಾಯಗೊಂಡನು. ಇನ್ನೊಂದು ಲೋಟಸ್ ಗಾಡಿಯ ಸ್ಟಿಯರಿಂಗ್ ದಂಡ ಮುರಿದು ಮೈಕ್ ಟೇಲರನ ಪಂದ್ಯಜೀವನವೇ ಕೊನೆಗೊಂಡಿತು. ಲೋಟಸ್ ಗಾಡಿಗಳು ಬಿರುಸು, ಆದರೆ ಮುರುಕು ಎಂಬ ಮಾತು ಹರಡಿತು. ಪಂದ್ಯ ಮುಗಿಯುವವರೆಗೆ ಬಾಳಿದರೆ ಸಾಕು, ಅದಕ್ಕಿಂತ ಹೆಚ್ಚು ಬಾಳುವ ಭಾಗದಲ್ಲಿ ಅಷ್ಟು ಭಾರ ವ್ಯರ್ಥ ಎಂಬುದು ಆತನ ಕಾರ್ಯಾಗಾರದ ಒಲವಾಗಿತ್ತು. ಈ ವಾದ ಕೇಳಲು ಸರಿಯಾಗಿದೆ. ಆದರೆ ಪಂದ್ಯ ಎಲ್ಲಿ ಮುಗಿಯುತ್ತದೆ, ಭಾಗ ಎಲ್ಲಿ ಮುರಿಯುತ್ತದೆ ಎಂಬ ಎರಡು ಗೆರೆಗಳನ್ನು ಯಾವ ಎಂಜಿನಿಯರನೂ ಒಂದರ ಮೇಲೊಂದು ನಿಖರವಾಗಿ ಎಳೆಯಲಾರನು.

೧೯೬೮ನೆಯ ಏಪ್ರಿಲ್ ೭ರಂದು ಜರ್ಮನಿಯ ಹಾಕೆನ್‌ಹೈಮಿನಲ್ಲಿ ಕ್ಲಾರ್ಕನ ಲೋಟಸ್ ಹಾದಿ ಬಿಟ್ಟು ಮರಗಳಿಗೆ ಅಪ್ಪಳಿಸಿತು, ಆತನು ಮಡಿದನು. ವಯಸ್ಸು ೩೨. ಟೈರಿನ ಗಾಳಿ ಇಳಿದುದೇ ಕಾರಣವೆಂದು ಬಹುಮಂದಿಯ ಅಭಿಪ್ರಾಯ. ಚಾಪ್‌ಮನ್ನನಿಗೆ ಕ್ಲಾರ್ಕನು ಕೇವಲ ಚಾಲಕನಾಗಿರಲಿಲ್ಲ, ಆಪ್ತ ಮಿತ್ರ. ಆ ಪೆಟ್ಟಿನಿಂದ ಆತನು ಪೂರ್ತಿಯಾಗಿ ಚೇತರಿಸಿಕೊಳ್ಳಲಿಲ್ಲವೆಂದು ಹತ್ತಿರದಿಂದ ಕಂಡವರು ಹೇಳುತ್ತಾರೆ. ಆದರೂ ಕೆಲಸ ನಿಲ್ಲಲಿಲ್ಲ. ೧೯೬೯ರ ಮೇ ತಿಂಗಳಲ್ಲಿ ಸ್ಪೇನಿನ ಪಂದ್ಯದಲ್ಲಿ ಎರಡು ಲೋಟಸ್ ಗಾಡಿಗಳ ಎತ್ತರದ ರೆಕ್ಕೆಗಳು ಒಂದೇ ಸ್ಥಳದಲ್ಲಿ ಕುಸಿದು ಎರಡೂ ಗಾಡಿಗಳು ತಡೆಗೋಡೆಗೆ ಬಡಿದುವು. ಅವುಗಳಲ್ಲಿ ಒಂದನ್ನು ನಡೆಸುತ್ತಿದ್ದ ಯೋಖೆನ್ ರಿಂಟ್ ಎಂಬ ಆಸ್ಟ್ರಿಯದ ಚಾಲಕನು ಕೆಲವು ದಿನಗಳಲ್ಲಿಯೇ ಚಾಪ್‌ಮನ್ನನಿಗೆ ಪತ್ರ ಬರೆದನು. ಗಾಡಿ ಹೇಗೂ ಅತ್ಯಂತ ವೇಗವಾಗಿದೆ. ಇನ್ನು ಕೆಲವು ಪೌಂಡು ಭಾರವನ್ನು ಸೇರಿಸಿ ದುರ್ಬಲವಾದ ಭಾಗಗಳನ್ನು ಬಲಪಡಿಸಿದರೂ ನಾವು ಹಿಂದೆ ಬೀಳಲಾರೆವು. ನಂಬಿಕೆಯಿಟ್ಟು ನಡೆಸಬಲ್ಲ ಗಾಡಿ ತನಗೆ ಬೇಕು ಎಂಬುದು ಆ ಪತ್ರದ ಸಾರಾಂಶ.

ಚಾಲಕನ ಆ ಬೇಡಿಕೆಯನ್ನು ನಾವೇ ಲೆಕ್ಕ ಹಾಕಿ ನೋಡಬಹುದು. ಚಾಲಕನೂ ಸೇರಿ ೬೦೦ ಕಿಲೋಗ್ರಾಂ ತೂಗುವ ಗಾಡಿಗೆ ೫ ಕಿಲೋಗ್ರಾಂ ಉಕ್ಕನ್ನು ಸೇರಿಸಿದರೆ, ೧೨ ಸೆಕೆಂಡುಗಳ ನೇರ ಓಟದಲ್ಲಿ ಆಗುವ ನಷ್ಟ ಒಂದು ಸೆಕೆಂಡಿನ ನೂರರಲ್ಲಿ ಮೂರು ಪಾಲು. ರೆಪ್ಪೆ ಮುಚ್ಚಿ ತೆರೆಯುವುದಕ್ಕೆ ಬೇಕಾದ ಹೊತ್ತಿಗಿಂತ ಅದು ಕಡಮೆ. ಬೇಡಿದ ಕಾಣಿಕೆ ಅಷ್ಟು ಚಿಕ್ಕದು.

೧೯೭೦ರಲ್ಲಿ ಲೋಟಸ್ ೭೨ ಬಂದಿತು. ಬೆಣೆಯಾಕಾರದ ಆ ಗಾಡಿಯಲ್ಲಿ ಮುಂದಿನ ಬ್ರೇಕುಗಳನ್ನು ಚಕ್ರಗಳಿಂದ ತೆಗೆದು ಒಡಲಿನೊಳಗೆ ಇಟ್ಟಿದ್ದರು. ಚಕ್ರದ ಜೊತೆಗೆ ಕುಣಿಯುವ ಭಾರ ಕಡಮೆಯಾದಷ್ಟೂ ಟೈರು ನೆಲವನ್ನು ಚೆನ್ನಾಗಿ ಹಿಡಿಯುತ್ತದೆಂಬುದು ಇದರ ಹಿಂದಿನ ತತ್ತ್ವ. ಬ್ರೇಕಿನ ಹಿಡಿತವನ್ನು ಚಕ್ರಕ್ಕೆ ಮುಟ್ಟಿಸಲು ನಡುವೆ ಟೊಳ್ಳಾದ ಉಕ್ಕಿನ ದಂಡಗಳಿದ್ದುವು. ಆ ವರ್ಷ ರಿಂಟನು ಐದು ಪಂದ್ಯಗಳನ್ನು ಗೆದ್ದನು. ಸೆಪ್ಟೆಂಬರ್ ೫ರಂದು ಇಟಲಿಯ ಮೋಂಜಾದಲ್ಲಿ ಅಭ್ಯಾಸದ ಓಟ ನಡೆದಿದ್ದಾಗ, ತಿರುವಿನ ಮುಂಚೆ ಬ್ರೇಕು ಹಾಕುವ ಹೊತ್ತಿಗೆ ಗಾಡಿ ಸಿಡಿದು ತಡೆಬೇಲಿಗೆ ನುಗ್ಗಿತು. ಬಲಗಡೆಯ ಮುಂದಿನ ಬ್ರೇಕಿನ ದಂಡ ಮುರಿದಿತ್ತು. ತಡೆಬೇಲಿಯನ್ನು ನಿಲ್ಲಿಸಿದ್ದ ರೀತಿಯೂ ಸರಿಯಿರಲಿಲ್ಲ. ರಿಂಟನು ಉಳಿಯಲಿಲ್ಲ. ಉಳಿದ ಪಂದ್ಯಗಳಲ್ಲಿ ಆತನ ಅಂಕಗಳನ್ನು ಯಾರೂ ದಾಟಲಾಗದೆ ಹೋದುದರಿಂದ ವಿಶ್ವವಿಜೇತನ ಪಟ್ಟ ಮೃತನಿಗೇ ಸಂದಿತು. ಆ ಪ್ರಶಸ್ತಿಯ ಇತಿಹಾಸದಲ್ಲಿ ಇಂಥ ಉದಾಹರಣೆ ಅದೊಂದೇ.

ಚಾಪ್‌ಮನ್ನನನ್ನು ಕ್ರೂರನೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಆ ಕಾಲದಲ್ಲಿ ಹಾದಿಗಳೇ ಮೃತ್ಯುವಿನ ಬಾಯಾಗಿದ್ದುವು. ಬೇರೆಯವರ ಭಾರಿ ಗಾಡಿಗಳಲ್ಲಿಯೂ ಚಾಲಕರು ಸತ್ತರು. ಅಲ್ಲದೆ ಆತನು ತಂದ ಪೆಟ್ಟಿಗೆಯಂಥ ಬಿಗಿಯಾದ ಒಡಲಿನ ವಿಚಾರವೇ ಮುಂದೆ ಬೆಳೆದು ಚಾಲಕರ ಪ್ರಾಣವನ್ನು ಕಾಯುವ ಕವಚವಾಯಿತೆಂಬುದನ್ನು ಮರೆಯಲಾಗದು. ಆತನ ದೋಷ ಕ್ರೌರ್ಯವಲ್ಲ, ಅವಸರ. ಹೊಸ ಕಲ್ಪನೆ ಹೊಳೆದೊಡನೆ ಅದು ಹಾದಿಯ ಮೇಲೆ ಓಡಬೇಕು. ಅದರ ಸಹನೆಯನ್ನು ನಿಧಾನವಾಗಿ ಪರೀಕ್ಷಿಸುವ ತಾಳ್ಮೆ ಆತನಿಗಿರಲಿಲ್ಲ.

ಮುಂದಿನ ವರ್ಷಗಳಲ್ಲಿಯೂ ಆತನ ಪ್ರತಿಭೆ ಬತ್ತಲಿಲ್ಲ. ೧೯೭೮ರಲ್ಲಿ ಗಾಡಿಯ ಅಡಿಯಲ್ಲಿ ಹರಿಯುವ ಗಾಳಿಯಿಂದಲೇ ಗಾಡಿಯನ್ನು ನೆಲಕ್ಕೆ ಒತ್ತಿಸುವ ಲೋಟಸ್ ೭೯ರಿಂದ ಮಾರಿಯೋ ಆಂಡ್ರೆಟ್ಟಿ ವಿಶ್ವವಿಜೇತನಾದನು. ಗಮನಿಸಬೇಕಾದ ಸಂಗತಿಯಿದು: ಟೈರಿನ ಹಿಡಿತಕ್ಕೆ ನೆಲದ ಮೇಲೆ ಒತ್ತಡ ಬೇಕು, ಭಾರವಿಲ್ಲದ ಗಾಡಿಗೆ ಆ ಒತ್ತಡವನ್ನು ಗಾಳಿಯಿಂದ ಪಡೆದನು. ತೂಗದ ಭಾರವನ್ನು ಕಂಡುಹಿಡಿದನೆನ್ನಬಹುದು. ಒಟ್ಟು ಏಳು ಬಾರಿ ನಿರ್ಮಾಪಕರ ವಿಶ್ವಪ್ರಶಸ್ತಿ ಲೋಟಸಿಗೆ ಬಂದಿತು. ಆದರೆ ಕೊನೆಯ ವರ್ಷಗಳು ಶುಭ್ರವಾಗಿರಲಿಲ್ಲ. ಡಿಲೋರಿಯನ್ ಎಂಬ ಕಾರಿನ ಯೋಜನೆಗೆ ಬ್ರಿಟಿಷ್ ಸರಕಾರ ಕೊಟ್ಟ ಹಣದಲ್ಲಿ ಒಂದು ಭಾಗ ಮಾಯವಾದುದರ ನೆರಳು ಆತನ ಮೇಲೂ ಬಿದ್ದಿತು. ವಿಚಾರಣೆಗೆ ನಿಲ್ಲುವ ಮುಂಚೆಯೇ, ೧೯೮೨ನೆಯ ಡಿಸೆಂಬರ್ ೧೬ರಂದು, ಹೃದಯಾಘಾತದಿಂದ ಆತನು ತೀರಿಕೊಂಡನು. ವಯಸ್ಸು ೫೪. ಆತನ ಹಣಕಾಸಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ೧೯೯೨ರಲ್ಲಿ ಸೆರೆವಾಸವಾಯಿತು.

ಆತನ ಬಾಳು ಕಲಿಸಿದ ಪಾಠವನ್ನು ಪಂದ್ಯದ ಲೋಕ ನಿಯಮಗಳಲ್ಲಿ ಬರೆದಿಟ್ಟಿದೆ. ೧೯೬೧ರಲ್ಲಿ ಫಾರ್ಮುಲಾ ವನ್ ಗಾಡಿ ೪೫೦ ಕಿಲೋಗ್ರಾಮಿಗಿಂತ ಕಡಮೆ ತೂಗಕೂಡದೆಂಬ ಕಟ್ಟಳೆಯಿತ್ತು. ೨೦೨೫ರಲ್ಲಿ, ಚಾಲಕನ ತೂಕವೂ ಸೇರಿ, ಆ ಮಿತಿ ೮೦೦ ಕಿಲೋಗ್ರಾಂ. ಹೆಚ್ಚಿದ ಭಾರದಲ್ಲಿ ಒಂದು ಪಾಲು ಚಾಲಕನ ಪ್ರಾಣರಕ್ಷಣೆಗೆ ಮೀಸಲು. ೨೦೧೮ರಿಂದ ಚಾಲಕನ ತಲೆಯ ಸುತ್ತ ಇಡುತ್ತಿರುವ ಟೈಟೇನಿಯಂ ಕಮಾನು ಒಂದೇ ಸುಮಾರು ೭ ಕಿಲೋಗ್ರಾಂ ತೂಗುತ್ತದೆ. ರಿಂಟನು ಬೇಡಿದ ಕೆಲವು ಪೌಂಡುಗಳನ್ನು ಲೋಕ ಕೊನೆಗೂ ಕೊಟ್ಟಿತು.

ದಾವಣಗೆರೆಯಲ್ಲಿ ೧೯೫೧ರಿಂದಲೂ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯೂ ಬೇರೆಡೆಯೂ ಯಂತ್ರವಿದ್ಯೆಯನ್ನು ಕಲಿಯುತ್ತಿರುವ ತರುಣರಿಗೆ ಚಾಪ್‌ಮನ್ನನ ಚರಿತ್ರೆ ಹೊರಗಿನವರ ಕಥೆಯಲ್ಲ. ಬೈಕಿನ ಕನ್ನಡಿ, ಮಡ್‌ಗಾರ್ಡು, ಮುಂದಿನ ಬ್ರೇಕು ಇವುಗಳನ್ನು ಕಳಚಿ ಹಗುರ ಮಾಡಿದೆನೆಂದು ಹಿಗ್ಗುವ ಹುಡುಗನಿಗೂ, ಬ್ಯಾಟರಿಯ ಭಾರವನ್ನು ಸರಿದೂಗಿಸಲು ವಿದ್ಯುತ್ ವಾಹನದ ಒಡಲನ್ನು ತೆಳುವಾಗಿಸುವ ಎಂಜಿನಿಯರನಿಗೂ ಎದುರಾಗುವ ಪ್ರಶ್ನೆ ಒಂದೇ. ಭಾರವನ್ನು ತೆಗೆಯಬೇಕೆ ಎಂಬುದಲ್ಲ ಆ ಪ್ರಶ್ನೆ, ತೆಗೆಯಲೇಬೇಕು. ವ್ಯರ್ಥವಾದ ಭಾರವನ್ನು ಹೊತ್ತು ಓಡುವುದು ಅವಿವೇಕವೆಂದು ಆತನು ಎಲ್ಲರಿಗೂ ತೋರಿಸಿಕೊಟ್ಟನು. ಯಾವುದು ವ್ಯರ್ಥ, ಯಾವುದು ಕಾಪು ಎಂಬ ವಿವೇಕವೇ ಕಷ್ಟದ್ದು. ಗಡಿಯಾರ ಅಳೆಯುವುದು ಉಳಿಸಿದ ಹೊತ್ತನ್ನು ಮಾತ್ರ. ಉಳಿಸಬೇಕಾಗಿದ್ದ ಜೀವವನ್ನು ಅದು ಅಳೆಯದು; ಆ ಅಳತೆಯನ್ನು ಕಟ್ಟುವವನೇ ಮೊದಲು ಹಾಕಿಕೊಳ್ಳಬೇಕು.